ಸುದ್ದಿ ಮುಟ್ಟಲು ಎಷ್ಟು ಹೊತ್ತು?

“ತಲೆಗೆ ಎಣ್ಣೆ ಹಚ್ಚಿಕೊಂಡು ಬಂದಿಲ್ಲ ತಾನೆ?”

ನರರೋಗ ವಿಭಾಗದ ಒಳಗಿನ ಚಿಕ್ಕ ಕೋಣೆಯಲ್ಲಿ ಮೊದಲು ಕೇಳಿಬರುವ ಪ್ರಶ್ನೆ ಇದು. ಶಾಂಪೂ ಹಾಕಿ ತಲೆ ತೊಳೆದುಕೊಂಡು ಬನ್ನಿ, ಎಣ್ಣೆ ಬೇಡ ಎಂದು ಹಿಂದಿನ ದಿನವೇ ಹೇಳಿ ಕಳಿಸಿರುತ್ತಾರೆ. ಆದರೂ ದೊಡ್ಡಾಸ್ಪತ್ರೆಗೆ ಹೋಗುವಾಗ ತಲೆ ಕೆದರಿಕೊಂಡು ಹೋಗುವುದುಂಟೇ ಎಂದು ಕೊಬ್ಬರಿ ಎಣ್ಣೆ ಹಚ್ಚಿ ನುಣ್ಣಗೆ ಬಾಚಿ ಜಡೆ ಹೆಣೆದುಕೊಂಡು ಬರುವವರು ಇದ್ದೇ ಇರುತ್ತಾರೆ. ಟೆಕ್ನೀಷಿಯನ್ ಅಳತೆ ಟೇಪು ಹಿಡಿದು ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗೆ ಅಳೆಯುತ್ತಾರೆ, ಬೈತಲೆ ತೆಗೆದ ಹಾಗೆ ಕೂದಲು ಬಿಡಿಸಿ ಪೆನ್ಸಿಲಿನಿಂದ ಗುರುತು ಹಾಕುತ್ತಾರೆ, ಮರಳು ಮರಳಾದ ಜೆಲ್ಲಿನಿಂದ ಆ ಜಾಗವನ್ನು ಉಜ್ಜುತ್ತಾರೆ, ಆಮೇಲೆ ಗಟ್ಟಿ ಪೇಸ್ಟಿನಲ್ಲಿ ಲೋಹದ ಪುಟ್ಟ ಬಟ್ಟಲೊಂದನ್ನು ಅಂಟಿಸುತ್ತಾರೆ. ಇಷ್ಟು ಮುಗಿಯುವುದಕ್ಕೇ ಕಾಲು ಗಂಟೆ ಹಿಡಿಯುತ್ತದೆ.

ಎಣ್ಣೆಯ ಮೇಲೆ ಇಷ್ಟು ಹಗೆ ಏಕೆಂದರೆ, ಹಿಡಿಯಬೇಕಾದ ವಿದ್ಯುತ್ತು ಅಷ್ಟು ಕ್ಷೀಣ. ಕಣ್ಣೆದುರು ಚೌಕಳಿ ಆಡಿಸಿದಾಗ, ಕಿವಿಗೆ ಟಿಕ್ ಎಂಬ ಸದ್ದು ಬಿಟ್ಟಾಗ, ಮಣಿಕಟ್ಟಿಗೆ ಸಣ್ಣ ಶಾಕ್ ಕೊಟ್ಟಾಗ ಮಿದುಳು ಕೊಡುವ ಉತ್ತರ ನೆತ್ತಿಯ ಮೇಲೆ ಸಿಗುವುದು ಕೆಲವೇ ಮೈಕ್ರೋವೋಲ್ಟಿನಷ್ಟು, ಕೆಲವು ಸಲ ಒಂದಕ್ಕಿಂತಲೂ ಕಡಿಮೆ. ಒಂದು ಮೈಕ್ರೋವೋಲ್ಟ್ ಎಂದರೆ, ಟಾರ್ಚಿಗೆ ಹಾಕುವ ಒಂದು ಸೆಲ್ಲಿನ ವಿದ್ಯುತ್ತನ್ನು ಹದಿನೈದು ಲಕ್ಷ ಪಾಲು ಮಾಡಿದರೆ ಒಂದು ಪಾಲಿಗೆ ಎಷ್ಟು ಬರುತ್ತದೋ ಅಷ್ಟು. ಮಿದುಳಿನ ಉಳಿದ ಗಲಾಟೆ ಅದಕ್ಕಿಂತ ಹತ್ತಾರು ಪಟ್ಟು ಜೋರು. ತೇರು ಎಳೆಯುವ ಹೊತ್ತಿನಲ್ಲಿ ಮೂಲೆಯ ಮಗು ಅಮ್ಮನ ಕಿವಿಯಲ್ಲಿ ಹೇಳಿದ್ದನ್ನು ಊರ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳಬೇಕು, ಅಂಥ ಕೆಲಸ.

ಈ ಪರೀಕ್ಷೆಗಳಿಗೆ ಆಸ್ಪತ್ರೆಯಲ್ಲಿ ಕಣ್ಣಿನದಕ್ಕೆ ವಿಇಪಿ, ಕಿವಿಯದಕ್ಕೆ ಬೆರಾ, ಕೈಕಾಲಿನಿಂದ ಮಿದುಳಿಗೆ ಹೋಗುವುದಕ್ಕೆ ಎಸ್‌ಎಸ್‌ಇಪಿ, ಕೈಕಾಲಿನ ನರಗಳದಕ್ಕೆ ಎನ್‌ಸಿಎಸ್ ಎಂದೆಲ್ಲ ಹೆಸರಿದೆ. ಹೆಸರು ಎಷ್ಟೇ ಇರಲಿ, ಕೇಳುವುದು ಒಂದೇ: ಇಲ್ಲಿ ಮುಟ್ಟಿದ ಸುದ್ದಿ ಅಲ್ಲಿಗೆ ಹೋಗಿ ತಲುಪಲು ಎಷ್ಟು ಹೊತ್ತು ಹಿಡಿಯಿತು? ಈ ಪ್ರಶ್ನೆಗೆ ನೂರೆಪ್ಪತ್ತು ವರ್ಷಗಳಿಗೂ ಹೆಚ್ಚಿನ ಚರಿತ್ರೆಯಿದೆ. ಅದೇ ಚರಿತ್ರೆಯ ಪಕ್ಕದಲ್ಲಿ ಇನ್ನೊಂದು ಆಸೆಯೂ ನೆರಳಿನಂತೆ ಬಂದಿದೆ: ಇದೇ ತಂತಿ ಹಿಡಿದು ಮನಸ್ಸಿನೊಳಗೆ ಏನಿದೆ ಎಂದು ಓದಿಬಿಡುವ ಆಸೆ. ಅದು ಕೊನೆಗೆ ಬೆಂಗಳೂರನ್ನೂ ಹಾದು ದೆಹಲಿಯ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು.

ಮೊದಲಿಗೆ, ಹೊತ್ತು ಹಿಡಿಯುತ್ತದೆ ಎಂಬುದನ್ನೇ ಯಾರೂ ಒಪ್ಪುತ್ತಿರಲಿಲ್ಲ. ಕಾಲಿಗೆ ಮುಳ್ಳು ಚುಚ್ಚಿದ ಕ್ಷಣವೇ ನೋವು ಗೊತ್ತಾಗುತ್ತದಲ್ಲ, ನಡುವೆ ತಡವೆಲ್ಲಿ? ಹತ್ತೊಂಬತ್ತನೇ ಶತಮಾನದ ಶರೀರಶಾಸ್ತ್ರದ ದೊಡ್ಡ ಹೆಸರು, ಜರ್ಮನಿಯ ಯೊಹಾನೆಸ್ ಮ್ಯುಲ್ಲರ್ ಕೂಡ ನರದ ವೇಗ ಅಳೆಯುವುದು ಮನುಷ್ಯರಿಂದ ಆಗದ ಮಾತು ಎಂದುಕೊಂಡಿದ್ದರು. ಅವರ ಶಿಷ್ಯ ಹರ್ಮನ್ ಹೆಲ್ಮ್‌ಹೋಲ್ಟ್ಸ್ 1850ರ ಸುಮಾರಿಗೆ ಕ್ಯೋನಿಗ್ಸ್‌ಬರ್ಗಿನಲ್ಲಿ ಒಂದು ಕಪ್ಪೆಯ ಕಾಲಿನ ಸ್ನಾಯುವನ್ನೂ ಅದಕ್ಕೆ ಅಂಟಿದ ನರವನ್ನೂ ಇಟ್ಟುಕೊಂಡು ಅಳೆದೇಬಿಟ್ಟರು. ಉಪಾಯ ಸರಳ. ನರಕ್ಕೆ ಸ್ನಾಯುವಿನ ಹತ್ತಿರ ಒಮ್ಮೆ ಶಾಕ್ ಕೊಡುವುದು, ದೂರದಲ್ಲಿ ಇನ್ನೊಮ್ಮೆ ಕೊಡುವುದು. ಎರಡು ಸಲವೂ ಸ್ನಾಯು ಸೆಟೆಯಲು ಹಿಡಿದ ಹೊತ್ತಿನ ವ್ಯತ್ಯಾಸ ನೋಡುವುದು. ಸಿಕ್ಕ ವೇಗ ಸೆಕೆಂಡಿಗೆ ಸುಮಾರು 27 ಮೀಟರ್. ಮಿಂಚಿನ ವೇಗ ಎಂದು ಎಲ್ಲರೂ ನಂಬಿದ್ದು ಕೊನೆಗೆ ಎಕ್ಸ್‌ಪ್ರೆಸ್ ರೈಲಿನ ವೇಗಕ್ಕೆ ಬಂದು ನಿಂತಿತು. ಮನುಷ್ಯನ ನರ ಇನ್ನಷ್ಟು ಚುರುಕು, ತೋಳಿನಲ್ಲಿ ಸೆಕೆಂಡಿಗೆ 50–60 ಮೀಟರ್. ಮಣಿಕಟ್ಟಿನ ಸುದ್ದಿ ಮಿದುಳಿನ ಮೇಲ್ಪದರ ಮುಟ್ಟಲು ಸುಮಾರು 20 ಮಿಲಿಸೆಕೆಂಡ್. ಕಾಲಿನ ಹರಡಿನಿಂದ ಹೊರಟಿದ್ದಕ್ಕೆ ಅದರ ಹತ್ತಿರಹತ್ತಿರ ಎರಡರಷ್ಟು. ಎತ್ತರದ ಆಳಿಗೆ ತುಸು ಹೆಚ್ಚು. ಇವತ್ತಿಗೂ ಈ ಪರೀಕ್ಷೆಯ ವರದಿಯಲ್ಲಿ ರೋಗಿಯ ಎತ್ತರ ಬರೆಯುವುದು ಅದಕ್ಕೇ.

ಮಿದುಳಿನ ಕಡೆಯಿಂದ ಉತ್ತರ ಬರುವುದನ್ನು ಮೊದಲು ಕಂಡವರು ಲಿವರ್‌ಪೂಲಿನ ವೈದ್ಯ ರಿಚರ್ಡ್ ಕೇಟನ್. 1875ರಲ್ಲಿ ಎಡಿನ್‌ಬರೋದಲ್ಲಿ ನಡೆದ ಬ್ರಿಟಿಷ್ ವೈದ್ಯರ ಸಭೆಯಲ್ಲಿ ಅವರು ಮೊಲ ಮತ್ತು ಕೋತಿಗಳ ತೆರೆದ ಮಿದುಳಿನ ಮೇಲೆ ಹರಿಯುವ ಕ್ಷೀಣ ವಿದ್ಯುತ್ತಿನ ಬಗ್ಗೆ ಹೇಳಿದರು. ಆಗ ಈಗಿನಂತೆ ವರ್ಧಕ ಯಂತ್ರಗಳಿರಲಿಲ್ಲ. ಇದ್ದದ್ದು ಗ್ಯಾಲ್ವನೋಮೀಟರಿಗೆ ಕಟ್ಟಿದ ಪುಟ್ಟ ಕನ್ನಡಿ. ವಿದ್ಯುತ್ತು ಕನ್ನಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಅದರಿಂದ ಹಾರಿದ ಬೆಳಕಿನ ಚುಕ್ಕೆ ಗೋಡೆಯ ಮೇಲೆ ಗೇಣಷ್ಟು ಸರಿಯುತ್ತಿತ್ತು. ಪ್ರಾಣಿಯ ಕಣ್ಣಿಗೆ ಬೆಳಕು ಬಿಟ್ಟಾಗ ಮಿದುಳಿನ ಒಂದು ಭಾಗದಲ್ಲಿ ಈ ಚುಕ್ಕೆ ಕದಲುತ್ತದೆ ಎಂದು ಅವರು ಗುರುತಿಸಿದರು. ಇಷ್ಟು ದೊಡ್ಡ ವಿಷಯಕ್ಕೆ ವೈದ್ಯಕೀಯ ಪತ್ರಿಕೆಯಲ್ಲಿ ಸಿಕ್ಕಿದ್ದು ಒಂದು ಸಣ್ಣ ಟಿಪ್ಪಣಿಯ ಜಾಗ. ಯಾರೂ ಕಿವಿಗೊಡಲಿಲ್ಲ. ಕೇಟನ್ ಮುಂದೆ ಬೇರೆ ಕೆಲಸಗಳಲ್ಲಿ ಮುಳುಗಿದರು. 1907ರಲ್ಲಿ ಲಿವರ್‌ಪೂಲ್ ನಗರದ ಲಾರ್ಡ್ ಮೇಯರ್ ಕೂಡ ಆದರು.

ಹದಿನೈದು ವರ್ಷಗಳ ಮೇಲೆ ನಡೆದದ್ದು ಮಾತ್ರ ನಾಟಕದ ಅಂಕದಂತಿದೆ. 1890ರಲ್ಲಿ ಪೋಲೆಂಡಿನ ಅಡಾಲ್ಫ್ ಬೆಕ್ ಎಂಬ ಯುವಕ ಇದೇ ಶೋಧವನ್ನು ತಾನೇ ಮೊದಲು ಮಾಡಿದ್ದೆಂದು ಜರ್ಮನ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಕೂಡಲೇ ವಿಯೆನ್ನಾದ ಫ್ಲೈಶ್ಲ್ ಫಾನ್ ಮಾರ್ಕ್ಸೋ ಎದ್ದು ನಿಂತರು: ನಾನು 1883ರಲ್ಲೇ ಕಂಡಿದ್ದೇನೆ, ಬರೆದು ಲಕೋಟೆಗೆ ಅರಗಿನ ಮುದ್ರೆ ಹಾಕಿ ಇಟ್ಟಿದ್ದೇನೆ, ಒಡೆದು ನೋಡಿ! ಲಕೋಟೆ ಒಡೆದರು, ಹೌದು, ಬರೆದಿತ್ತು. ಇವರಿಬ್ಬರ ಜಗ್ಗಾಟ ನಡೆದಿರುವಾಗಲೇ ಲಿವರ್‌ಪೂಲಿನಿಂದ ಒಂದು ಸಣ್ಣ ಕಾಗದ ಬಂತು. ನಾನು ಇದನ್ನು 1875ರಲ್ಲೇ ಸಭೆಯ ಮುಂದೆ ಹೇಳಿದ್ದೆ ಎಂದು ಕೇಟನ್ ಬರೆದಿದ್ದರು. ವ್ಯಾಜ್ಯ ಅಲ್ಲಿಗೆ ಮುಗಿಯಿತು.

ಮನುಷ್ಯರ ಸರದಿ ಬಂದದ್ದು ಜರ್ಮನಿಯ ಯೇನಾ ಊರಿನಲ್ಲಿ, ಮನೋವೈದ್ಯ ಹಾನ್ಸ್ ಬರ್ಗರ್ ಕೈಯಲ್ಲಿ. ಮನಸ್ಸನ್ನು ಓದುವ ಆಸೆ ಈ ಕಥೆಯೊಳಗೆ ಕಾಲಿಟ್ಟದ್ದೂ ಇಲ್ಲೇ. ಬರ್ಗರ್ ಯೌವನದಲ್ಲಿ ಸೈನ್ಯದ ತರಬೇತಿಯಲ್ಲಿದ್ದಾಗ ಕುದುರೆಯಿಂದ ಬಿದ್ದು ಫಿರಂಗಿ ಬಂಡಿಯ ಗಾಲಿಗೆ ಸಿಕ್ಕುವುದರಲ್ಲಿದ್ದರು, ಕೂದಲೆಳೆಯಲ್ಲಿ ಪಾರಾದರು. ಅದೇ ದಿನ ಸಂಜೆ ಮನೆಯಿಂದ ತಂತಿ ಬಂತು, ಹೇಗಿದ್ದೀಯ ಎಂದು ಕೇಳಿ. ತಮ್ಮನಿಗೇನೋ ಆಗಿದೆ ಎಂದು ದೂರದ ಊರಿನಲ್ಲಿದ್ದ ಅಕ್ಕನಿಗೆ ಅನಿಸಿತ್ತಂತೆ. ಮನಸ್ಸಿನಿಂದ ಮನಸ್ಸಿಗೆ ಹರಿಯುವ ಯಾವುದೋ ಶಕ್ತಿ ಇರಲೇಬೇಕು ಎಂದು ಬರ್ಗರ್ ತಲೆಯಲ್ಲಿ ಹುಳ ಹೊಕ್ಕಿತು. ದಶಕಗಳ ಕಾಲ ಗುಟ್ಟಾಗಿ ದುಡಿದು 1924ರಲ್ಲಿ ಮೊದಲ ಬಾರಿಗೆ ಮನುಷ್ಯನ ಮಿದುಳಿನ ಅಲೆಗಳನ್ನು ದಾಖಲಿಸಿದರು, 1929ರಲ್ಲಿ ಪ್ರಕಟಿಸಿದರು. ಹುಡುಕಿದ್ದು ಸಿಗಲಿಲ್ಲ, ಸಿಕ್ಕಿದ್ದು ಇಇಜಿ. ಕಣ್ಣು ಮುಚ್ಚಿ ಸುಮ್ಮನಿದ್ದಾಗ ಸೆಕೆಂಡಿಗೆ ಹತ್ತರಂತೆ ಏಳುವ ಆಲ್ಫಾ ಅಲೆ, ಕಣ್ಣು ಬಿಟ್ಟರೆ ಮಾಯ.

ಬರ್ಗರ್ ಮಾತನ್ನೂ ಮೊದಲು ಯಾರೂ ನಂಬಲಿಲ್ಲ. ನಂಬಿಸಿದವರು ಕೇಂಬ್ರಿಜ್‌ನ ಎಡ್ಗರ್ ಏಡ್ರಿಯನ್ ಮತ್ತು ಬ್ರಯನ್ ಮ್ಯಾಥ್ಯೂಸ್. 1934ರಲ್ಲಿ ಏಡ್ರಿಯನ್ ತಮ್ಮದೇ ತಲೆಗೆ ತಂತಿ ಕಟ್ಟಿಸಿಕೊಂಡು ಆಲ್ಫಾ ಅಲೆ ತೋರಿಸಿದರು. ಒಂದು ನೀರುಜೀರುಂಡೆಯ ಅಲೆಯನ್ನೂ ಅದರ ಪಕ್ಕಕ್ಕಿಟ್ಟು ಹೋಲಿಸಿದರು. ನೊಬೆಲ್ ಪಡೆದ ವಿಜ್ಞಾನಿಯೂ ಜೀರುಂಡೆಯೂ ಒಂದೇ ಪಂಕ್ತಿಯಲ್ಲಿ!

ಆದರೆ ಅಲ್ಲಿಗೆ ಸಿಕ್ಕಿದ್ದು ಜಾತ್ರೆಯ ಗದ್ದಲ ಮಾತ್ರ. ಪಿಸುಮಾತು ಇನ್ನೂ ಅದರೊಳಗೇ ಮುಳುಗಿತ್ತು. 1939ರಲ್ಲಿ ಅಮೆರಿಕದ ಪಾಲೀನ್ ಡೇವಿಸ್, ಸದ್ದು ಮಾಡಿದಾಗ ಎಚ್ಚರವಿರುವ ಮನುಷ್ಯರ ನೆತ್ತಿಯ ಮೇಲೆ ಅಲೆಯಲ್ಲೊಂದು ಕೊಂಕು ಏಳುವುದನ್ನು ಬರಿಗಣ್ಣಿನಲ್ಲೇ ಗುರುತಿಸಿದ್ದರು. ಅಂಥ ಕಣ್ಣು ಎಲ್ಲರಿಗೂ ಇರುವುದಿಲ್ಲ, ಎಲ್ಲರ ಮಿದುಳೂ ಅಷ್ಟು ಚೆನ್ನಾಗಿ ತೋರಿಸುವುದೂ ಇಲ್ಲ.

ಬೀಗ ತೆಗೆದವರು ಲಂಡನ್ನಿನ ಕ್ವೀನ್ ಸ್ಕ್ವೇರ್‌ನಲ್ಲಿರುವ ನರರೋಗ ಆಸ್ಪತ್ರೆಯ ಜಾರ್ಜ್ ಡಾಸನ್. 1947ರಲ್ಲಿ ಅವರಿಗೆ ಮೈ ಬೆಚ್ಚಿಬೀಳುವ ಬಗೆಯ ಅಪಸ್ಮಾರದ ರೋಗಿಯೊಬ್ಬರು ಸಿಕ್ಕರು. ಕೈಯ ನರಕ್ಕೆ ಶಾಕ್ ಕೊಟ್ಟಾಗ ಆ ಮಿದುಳು ಕೊಡುತ್ತಿದ್ದ ಉತ್ತರ ಎಷ್ಟು ದೊಡ್ಡದಿತ್ತೆಂದರೆ, ಗದ್ದಲದ ನಡುವೆಯೂ ಎದ್ದು ಕಾಣುತ್ತಿತ್ತು. ಹಾಗಾದರೆ ಆರೋಗ್ಯವಂತರಲ್ಲೂ ಇದು ಸಣ್ಣದಾಗಿ ಇರಲೇಬೇಕಲ್ಲ! ಡಾಸನ್ ಒಂದೇ ಫಿಲ್ಮಿನ ಮೇಲೆ ಹತ್ತಾರು ಗೆರೆಗಳನ್ನು ಒಂದರ ಮೇಲೊಂದು ಬೀಳಿಸಿದರು. ಶಾಕ್ ಕೊಟ್ಟ ಕ್ಷಣದಿಂದಲೇ ಪ್ರತಿ ಗೆರೆಯೂ ಶುರು. ಗದ್ದಲದ ಗೆರೆಗಳು ಒಂದೊಂದು ಸಲ ಒಂದೊಂದು ಕಡೆ ಹೋಗಿ ಮಸುಕು ಮಸುಕಾದವು. ಪ್ರತಿ ಸಲವೂ ಅದೇ ಹೊತ್ತಿಗೆ ಬಂದ ಉತ್ತರ ಮಾತ್ರ ಗಾಢವಾಗಿ ಮೂಡಿತು.

ಈ ಉಪಾಯಕ್ಕೆ ಒಬ್ಬ ಹಳೆಯ ದಾಯಾದಿ ಇದ್ದಾನೆ. 1870ರ ದಶಕದಲ್ಲಿ ಫ್ರಾನ್ಸಿಸ್ ಗಾಲ್ಟನ್ ಕೈದಿಗಳ ಭಾವಚಿತ್ರಗಳನ್ನು ಒಂದೇ ಫಲಕದ ಮೇಲೆ ಒಂದರ ಮೇಲೊಂದು ಅಚ್ಚಿಸಿ, ಅಪರಾಧಿಯ ಅಸಲಿ ಮುಖ ಯಾವುದೆಂದು ಕಂಡುಹಿಡಿಯಲು ಹೊರಟಿದ್ದರು. ಬಂದದ್ದು ಸಭ್ಯಸ್ಥನೊಬ್ಬನ ಮುಖ! ಕೇಡಿಗತನದ ಕಳೆ ಎಂದು ಅವರು ಎಣಿಸಿದ್ದೆಲ್ಲ ಕೂಡುವಿಕೆಯಲ್ಲಿ ಅಳಿಸಿಹೋಗಿತ್ತು.

ಡಾಸನ್ 1951ರಲ್ಲಿ ಫಿಲ್ಮು ಬಿಟ್ಟು ಯಂತ್ರ ಕಟ್ಟಿದರು. ಅದು ಹೀಗಿತ್ತು ಎಂದು ತಿಳಿಯೋಣ: ಸಾಲಾಗಿ ಬಿಂದಿಗೆಗಳಿವೆ. ಶಾಕ್ ಕೊಟ್ಟ ಒಂದನೇ ಗಳಿಗೆಗೆ ಮೊದಲ ಬಿಂದಿಗೆ, ಎರಡನೇ ಗಳಿಗೆಗೆ ಎರಡನೆಯದು. ಮೋಟಾರಿನಲ್ಲಿ ಗಿರ್ರನೆ ತಿರುಗುವ ಸ್ವಿಚ್ಚೊಂದು ಆಯಾ ಗಳಿಗೆಯ ವಿದ್ಯುತ್ತನ್ನು ಆಯಾ ಬಿಂದಿಗೆಗೆ ಸುರಿಯುತ್ತ ಹೋಗುತ್ತದೆ. ಬಿಂದಿಗೆಯ ಜಾಗದಲ್ಲಿದ್ದದ್ದು ಕಂಡೆನ್ಸರುಗಳು. ಗದ್ದಲದ ವಿದ್ಯುತ್ತು ಒಮ್ಮೆ ಸುರಿದರೆ ಇನ್ನೊಮ್ಮೆ ಮೊಗೆದುಕೊಳ್ಳುತ್ತದೆ, ಒಟ್ಟಿನಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಉತ್ತರ ಮಾತ್ರ ಪ್ರತಿ ಸಲ ಅದೇ ಬಿಂದಿಗೆಗೆ ಬೀಳುತ್ತದೆ. ನೂರು ಸಲ ಮಾಡಿದರೆ ಉತ್ತರ ನೂರು ಪಟ್ಟು ತುಂಬುತ್ತದೆ, ಗದ್ದಲ ಹತ್ತು ಪಟ್ಟು ಮಾತ್ರ. ಇನ್ನೂ ಹತ್ತು ಪಟ್ಟು ಸ್ಪಷ್ಟ ಬೇಕೆಂದರೆ ಹತ್ತು ಸಾವಿರ ಸಲ ಕೇಳಬೇಕು. ಈ ಲೆಕ್ಕದಲ್ಲಿ ಚೌಕಾಶಿ ಇಲ್ಲ. ಇವತ್ತಿನ ಕಂಪ್ಯೂಟರುಗಳೂ ಮಾಡುವುದು ಇದನ್ನೇ. ಚರಿತ್ರೆಯ ಪುಸ್ತಕಗಳು ಬರ್ಗರ್‌ಗೆ ಕೊಡುವಷ್ಟು ಪುಟಗಳನ್ನು ಡಾಸನ್‌ಗೆ ಕೊಡುವುದಿಲ್ಲ. ಆದರೆ ಆಸ್ಪತ್ರೆಯ ಈ ಕೋಣೆಗೆ ಫೋಟೊ ಹಾಕುವುದಾದರೆ ಡಾಸನ್‌ದೇ ಹಾಕಬೇಕು.

1960ರ ದಶಕದ ಆರಂಭದಲ್ಲಿ ಈ ಕೆಲಸಕ್ಕೆಂದೇ ಪುಟ್ಟ ಕಂಪ್ಯೂಟರ್ ಮಾರುಕಟ್ಟೆಗೆ ಬಂತು, ಹೆಸರು ಕ್ಯಾಟ್. ರೂಪಿಸಿದವರಲ್ಲಿ ಮುಖ್ಯರಾದ ಮ್ಯಾನ್‌ಫ್ರೆಡ್ ಕ್ಲೈನ್ಸ್ ಪಿಯಾನೊ ವಾದಕರೂ ಹೌದು, ‘ಸೈಬಾರ್ಗ್’ ಎಂಬ ಪದವನ್ನು ಟಂಕಿಸಿದ ಇಬ್ಬರಲ್ಲಿ ಒಬ್ಬರೂ ಹೌದು.

ಅಷ್ಟರೊಳಗೆ ಕೈಕಾಲುಗಳ ನರಗಳ ಪರೀಕ್ಷೆಯೂ ಪ್ರಯೋಗಶಾಲೆಯಿಂದ ವಾರ್ಡಿಗೆ ಬಂತು. ನಡುರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗಿ, ಎದ್ದು ಕೂತು ಕೈ ಕೊಡವಿಕೊಳ್ಳುವವರು ಎಲ್ಲ ಊರಲ್ಲೂ ಇದ್ದಾರೆ. ಮಣಿಕಟ್ಟಿನ ಇಕ್ಕಟ್ಟಿನಲ್ಲಿ ನರ ಅದುಮಿಹೋದರೆ ಹೀಗಾಗುತ್ತದೆ. 1956ರಲ್ಲಿ ಜಾನ್ ಸಿಂಪ್ಸನ್ ಈ ನರದ ಸುದ್ದಿ ಸರಿಯಾಗಿ ಮಣಿಕಟ್ಟಿನ ಹತ್ತಿರವೇ ನಿಧಾನವಾಗುತ್ತದೆ ಎಂದು ಅಳೆದು ತೋರಿಸಿದರು. ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ಮೇಲೆ ಮಾಡಿದ್ದಕ್ಕೂ ಇದಕ್ಕೂ ಬೇರೇನೂ ವ್ಯತ್ಯಾಸವಿಲ್ಲ: ಹತ್ತಿರದಲ್ಲೊಮ್ಮೆ, ದೂರದಲ್ಲೊಮ್ಮೆ. ಸಕ್ಕರೆ ಕಾಯಿಲೆಯವರ ಪಾದ ಉರಿಯಿಂದ ಹಿಡಿದು ಕುಷ್ಠದವರೆಗೆ ಎನ್‌ಸಿಎಸ್ ಈಗ ದಿನನಿತ್ಯದ ಪರೀಕ್ಷೆ. ಶಾಕ್ ಸ್ವಲ್ಪ ಚುರುಕ್ಕೆನ್ನುತ್ತದೆ, ಅಷ್ಟೆ.

ಭಾರತದಲ್ಲಿ ಮಿದುಳಿಗೆ ಮೊದಮೊದಲು ಕೇಳಿದ ಪ್ರಶ್ನೆಗಳು ಸ್ವಲ್ಪ ಬೇರೆ ಬಗೆಯವು. 1961ರಲ್ಲಿ ದೆಹಲಿಯ ಏಮ್ಸ್‌ನ ಬಿ.ಕೆ. ಆನಂದ್, ಜಿ.ಎಸ್. ಛೀನಾ ಮತ್ತು ಬಲದೇವ್ ಸಿಂಗ್ ಸಮಾಧಿ ಅಭ್ಯಾಸದ ನಾಲ್ವರು ಯೋಗಿಗಳ ತಲೆಗೆ ತಂತಿ ಕಟ್ಟಿ ಪರೀಕ್ಷಿಸಿದ್ದನ್ನು ಪ್ರಕಟಿಸಿದರು. ಕಣ್ಣಿಗೆ ಪ್ರಖರ ಬೆಳಕು ಬಿಟ್ಟರು, ದಡಾರನೆ ಸದ್ದು ಮಾಡಿದರು, ಕಾದ ಗಾಜಿನ ನಳಿಗೆಯನ್ನು ಮೈಗೆ ಮುಟ್ಟಿಸಿದರು. ಸಾಮಾನ್ಯರಲ್ಲಿ ಇಷ್ಟಕ್ಕೆ ಆಲ್ಫಾ ಅಲೆ ಒಡೆದು ಚೂರಾಗಬೇಕು. ಸಮಾಧಿಯಲ್ಲಿದ್ದವರಲ್ಲಿ ಅದು ಕದಲಲಿಲ್ಲ. ಧ್ಯಾನವಿಲ್ಲದೆ ಸುಮ್ಮನೆ ಕೂತಾಗ ಅದೇ ಯೋಗಿಗಳಲ್ಲಿ ಎಲ್ಲರಂತೆ ಒಡೆಯಿತು. ಇನ್ನಿಬ್ಬರು 4 ಡಿಗ್ರಿ ತಣ್ಣೀರಿನಲ್ಲಿ ಮುಕ್ಕಾಲು ಗಂಟೆಗೂ ಮಿಕ್ಕಿ ಕೈ ಅದ್ದಿ ಕೂತಿದ್ದರು. ಆರು ಜನರ ಮೇಲೆ ಎಷ್ಟು ದೊಡ್ಡ ಮಾತು ಕಟ್ಟಬಹುದು ಎಂಬ ತಕರಾರು ನ್ಯಾಯವಾದದ್ದೇ. ಮೂರು ದಶಕಗಳ ಮೇಲೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶರ್ಲಿ ಟೆಲ್ಲೆಸ್ ಮತ್ತು ಟಿ. ದೇಸಿರಾಜು ಇದೇ ಕುತೂಹಲವನ್ನು ಡಾಸನ್ ದಾರಿಯಲ್ಲಿ ಕೈಗೆತ್ತಿಕೊಂಡು, ‘ಓಂ’ ಜಪಿಸುತ್ತ ಧ್ಯಾನದಲ್ಲಿರುವವರ ಕಿವಿಗೆ ಸದ್ದು ಬಿಟ್ಟು, ಬಂದ ಉತ್ತರಗಳನ್ನು ಕೂಡಿಸಿ ಅಳೆದರು.

ವೈದ್ಯರಿಗೆ ಈ ಪರೀಕ್ಷೆಗಳು ಅನಿವಾರ್ಯ ಎನಿಸಿದ್ದು 1970ರ ದಶಕದಲ್ಲಿ. ಮತ್ತೆ ಅದೇ ಕ್ವೀನ್ ಸ್ಕ್ವೇರ್. ಮಾರ್ಟಿನ್ ಹ್ಯಾಲಿಡೇ, ಇಯಾನ್ ಮೆಕ್‌ಡೊನಾಲ್ಡ್, ಜೋನ್ ಮುಶಿನ್ ಮೂವರೂ ಸೇರಿ 1972ರಲ್ಲಿ ಕಣ್ಣಿನ ನರ ಉರಿಯೂತಕ್ಕೆ ತುತ್ತಾದವರ ಎದುರು ಚದುರಂಗದ ಹಾಸಿನಂಥ ಕಪ್ಪು–ಬಿಳುಪು ಚೌಕಳಿ ಇಟ್ಟರು. ಕಪ್ಪು ಬಿಳಿಯಾಗುತ್ತದೆ, ಬಿಳಿ ಕಪ್ಪಾಗುತ್ತದೆ, ಸೆಕೆಂಡಿಗೆ ಒಂದೆರಡು ಸಲ. ನಡುವಿನ ಚುಕ್ಕೆಯನ್ನು ನೋಡುತ್ತ ಕೂತರೆ ಸಾಕು. ಆರೋಗ್ಯವಂತರ ಹಿಂದಲೆಯಲ್ಲಿ ಸುಮಾರು 100 ಮಿಲಿಸೆಕೆಂಡಿಗೆ ಒಂದು ಎತ್ತರದ ಅಲೆ ಏಳುತ್ತದೆ. ಈ ರೋಗಿಗಳಲ್ಲಿ ಅದು ತಡವಾಗಿ ಎದ್ದಿತು. ವಿದ್ಯುತ್ ತಂತಿಗೆ ಪ್ಲಾಸ್ಟಿಕ್ ಹೊದಿಕೆಯಿರುವಂತೆ ನರತಂತುವಿಗೂ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯಿದೆ. ಅದು ಕಿತ್ತುಹೋದರೆ ಸುದ್ದಿ ನಿಲ್ಲುವುದಿಲ್ಲ, ಕುಂಟುತ್ತದೆ.

ಸೋಜಿಗವೆಂದರೆ, ದೃಷ್ಟಿ ಪೂರ್ತಿ ಮರಳಿ, ರೋಗಿ ಪೇಪರು ಓದುವಂತಾದ ಮೇಲೂ ಆ ತಡ ಹಾಗೇ ಉಳಿಯುತ್ತಿತ್ತು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಕಾಯಿಲೆಯನ್ನು ಗುರುತಿಸಬೇಕಾದರೆ ನರಮಂಡಲದ ಒಂದಕ್ಕಿಂತ ಹೆಚ್ಚು ಜಾಗದಲ್ಲಿ ಪೆಟ್ಟು ಬಿದ್ದಿದೆ ಎಂದು ತೋರಿಸಬೇಕು. ಕಾಲು ಸೋತು ಬಂದ ರೋಗಿಗೆ, ನನ್ನ ಕಣ್ಣಿಗೇನೂ ಆಗಿಲ್ಲ ಎನ್ನುವವರಿಗೆ, ಚೌಕಳಿ ತೋರಿಸಿದರೆ ಎಂದೋ ಸದ್ದಿಲ್ಲದೆ ಆಗಿಹೋದ ಗಾಯ ಹೊರಬೀಳುತ್ತಿತ್ತು. ಮುಂದಿನ ವರ್ಷವೇ ಇದೇ ಮೂವರು ಅದನ್ನೂ ಪ್ರಕಟಿಸಿದರು. 1980ರ ದಶಕದಲ್ಲಿ ಎಂಆರ್‌ಐ ಬಂತು. ಗಾಯ ಕಣ್ಣಿಗೇ ಕಾಣತೊಡಗಿದ ಮೇಲೆ ಚೌಕಳಿಯ ಮುಂದಿನ ಕ್ಯೂ ಸಣ್ಣದಾಯಿತು. ಈ ಕಾಯಿಲೆ ಗುರುತಿಸುವ ನಿಯಮಾವಳಿಗೆ 2001ರಿಂದ ಮೆಕ್‌ಡೊನಾಲ್ಡ್ ಹೆಸರೇ ಇದ್ದರೂ 2017ರ ಪಟ್ಟಿಯಲ್ಲಿ ಅವರ ಚೌಕಳಿಗೇ ಜಾಗವಿರಲಿಲ್ಲ. 2024ರ ಪರಿಷ್ಕರಣೆಯಲ್ಲಿ ಅದು ಮತ್ತೆ ಒಳಗೆ ಬಂದಿದೆ.

ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯ ಕಥೆ ಇನ್ನೊಂದು. ಗೂನಾದ ಬೆನ್ನನ್ನು ನೆಟ್ಟಗೆ ಮಾಡುವಾಗ ಒಳಗಿನ ಮಿದುಳುಬಳ್ಳಿಗೆ ಪೆಟ್ಟಾದರೆ ರೋಗಿ ಏಳುವಾಗ ಕಾಲಿನಲ್ಲಿ ಸ್ವಾಧೀನವೇ ಇರುವುದಿಲ್ಲ. 1973ರಲ್ಲಿ ಫ್ರಾನ್ಸಿನ ವೈದ್ಯರು ವಿವರಿಸಿದ ಉಪಾಯ ಕೇಳಿದರೆ ಮೈ ಜುಮ್ಮೆನ್ನುತ್ತದೆ: ಶಸ್ತ್ರಚಿಕಿತ್ಸೆಯ ನಡುವೆಯೇ, ಬೆನ್ನು ತೆರೆದಿರುವಾಗಲೇ ಅರಿವಳಿಕೆ ಇಳಿಸಿ ರೋಗಿಯನ್ನು ಎಬ್ಬಿಸಿ, “ಕಾಲ್ಬೆರಳು ಅಲ್ಲಾಡಿಸಿ” ಎನ್ನುವುದು. ಅದೇ ದಶಕದಲ್ಲಿ ಹರಡಿನ ನರಕ್ಕೆ ಶಾಕ್ ಕೊಡುತ್ತ ನೆತ್ತಿಯ ಅಲೆ ನೋಡುವ ಪದ್ಧತಿ ಬಂತು. ಅಲೆಯ ಎತ್ತರ ಅರ್ಧಕ್ಕೆ ಇಳಿದರೆ, ಇಲ್ಲವೇ ಹತ್ತರಲ್ಲೊಂದು ಪಾಲು ತಡವಾದರೆ, ಮಾನಿಟರ್ ಮುಂದೆ ಕೂತವರು ಸರ್ಜನ್ನರಿಗೆ ಕೂಗಿ ಹೇಳಬೇಕು. ಎದುರು ದಿಕ್ಕಿನ, ಅಂದರೆ ಮಿದುಳಿನಿಂದ ಕಾಲಿಗೆ ಇಳಿಯುವ ದಾರಿಯ ಪರೀಕ್ಷೆಗೆ 1980ರಲ್ಲಿ ಮರ್ಟನ್ ಮತ್ತು ಮಾರ್ಟನ್ ನೆತ್ತಿಯ ಮೇಲಿಂದಲೇ ಶಾಕ್ ಕೊಟ್ಟರು, ನೋವಿತ್ತು. 1985ರಲ್ಲಿ ಶೆಫೀಲ್ಡಿನ ಆಂಟನಿ ಬಾರ್ಕರ್ ತಂಡ ಅದನ್ನು ಕಾಂತಶಕ್ತಿಯಿಂದ ನೋವಿಲ್ಲದೆ ಮಾಡಿತು.

ಹೊತ್ತು ಅಳೆಯುವವರು ಹೀಗೆ ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದಾಗ ಬರ್ಗರ್ ಅವರ ಹಳೆಯ ಆಸೆ ಸುಮ್ಮನೆ ಕೂತಿರಲಿಲ್ಲ. 1965ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಸಟನ್ ತಂಡ ಹೊಸ ಅಲೆಯೊಂದನ್ನು ಪ್ರಕಟಿಸಿತು. ಏನು ಬರುತ್ತದೋ ಗೊತ್ತಿಲ್ಲದೆ ಕಾಯುತ್ತಿರುವವರಿಗೆ ಸದ್ದೋ ಬೆಳಕೋ ಬಂದು ಮುಟ್ಟಿದ ಸುಮಾರು 300 ಮಿಲಿಸೆಕೆಂಡಿಗೆ ಏಳುವ ಅಲೆ, ಹೆಸರು ಪಿ300. ಟಕ್ ಟಕ್ ಟಕ್ ಎಂದು ಒಂದೇ ಸದ್ದು ಬರುತ್ತಿರುವಾಗ ನಡುವೆ ಟಿಂಗ್ ಎಂದರೆ ಇದು ಜೋರಾಗಿ ಏಳುತ್ತದೆ. ಈ ಅಲೆ ಕಿವಿಯದ್ದೂ ಅಲ್ಲ, ಕಣ್ಣಿನದ್ದೂ ಅಲ್ಲ, ಗಮನದ್ದು. ಹಾಗಿದ್ದರೆ ಅಪರಾಧ ನಡೆದ ಜಾಗದ ವಿವರ ತೋರಿಸಿದಾಗ, ಅದನ್ನು ಮೊದಲೇ ಕಂಡವನ ಮಿದುಳು ‘ಅರೆ!’ ಎನ್ನಬೇಕಲ್ಲವೇ? ಕೆಲವರಿಗೆ ಹಾಗನ್ನಿಸಿತು.

ನಿಮ್ಹಾನ್ಸ್‌ನಲ್ಲಿ ಚಿಕಿತ್ಸಾ ಮನೋವಿಜ್ಞಾನ ವಿಭಾಗದ ಮುಖ್ಯಸ್ಥರಾಗಿದ್ದ ಸಿ.ಆರ್. ಮುಕುಂದನ್ ಈ ದಾರಿಯಲ್ಲೇ ಮುಂದೆ ಹೋಗಿ ತಮ್ಮದೇ ಪದ್ಧತಿಯೊಂದನ್ನು ರೂಪಿಸಿದರು. ಆರೋಪಿ ಕಣ್ಣು ಮುಚ್ಚಿ, ತಲೆಗೆ ತಂತಿ ಕಟ್ಟಿಸಿಕೊಂಡು, ಮಾತಿಲ್ಲದೆ ಕೂತಿರುತ್ತಾನೆ. ಅಪರಾಧದ ವಿವರಗಳನ್ನು ಉತ್ತಮ ಪುರುಷದಲ್ಲಿ, ‘ನಾನು ಹೋದೆ’, ‘ನಾನು ಕೊಂಡೆ’ ಎಂಬಂತೆ ಓದಿ ಕೇಳಿಸುತ್ತಾರೆ. ಅದನ್ನು ಸ್ವತಃ ಮಾಡಿದವನ ಮಿದುಳಿನಲ್ಲಿ ಅನುಭವದ ನೆನಪು ಏಳುತ್ತದೆ, ಕೇಳಿ ತಿಳಿದವನಲ್ಲಿ ಏಳುವುದಿಲ್ಲ ಎಂಬುದು ವಾದ. ಛಾಪಾ ಕಾಗದ ಹಗರಣದ ದಿನಗಳಲ್ಲಿ ಕನ್ನಡ ಪತ್ರಿಕೆ ಓದುತ್ತಿದ್ದವರಿಗೆ ‘ಮಂಪರು ಪರೀಕ್ಷೆ’, ‘ಬ್ರೈನ್ ಮ್ಯಾಪಿಂಗ್’ ಎಂಬ ಮಾತುಗಳು ಬಾಯಿಪಾಠವಾಗಿದ್ದವು. ಬೆಂಗಳೂರು ಇಂಥ ಪರೀಕ್ಷೆಗಳ ರಾಜಧಾನಿಯೇ ಆಗಿಬಿಟ್ಟಿತ್ತು. 2008ರ ಜೂನ್‌ನಲ್ಲಿ ಪುಣೆಯ ನ್ಯಾಯಾಲಯವೊಂದು ಕೊಲೆ ಮೊಕದ್ದಮೆಯಲ್ಲಿ ಇಂಥ ಪರೀಕ್ಷೆಯ ವರದಿಯನ್ನೂ ಪುರಾವೆಯಾಗಿ ಎಣಿಸಿ ಶಿಕ್ಷೆ ವಿಧಿಸಿದಾಗ ಜಗತ್ತಿನ ನರವಿಜ್ಞಾನಿಗಳು ಹುಬ್ಬೇರಿಸಿದರು.

ಅದೇ ವರ್ಷ ನಿಮ್ಹಾನ್ಸ್ ನಿರ್ದೇಶಕರಾಗಿದ್ದ ಡಿ. ನಾಗರಾಜ ಅವರ ನೇತೃತ್ವದ ಸಮಿತಿ ಈ ಪರೀಕ್ಷೆಗಳು ವೈಜ್ಞಾನಿಕವಲ್ಲ, ಪುರಾವೆಯಾಗಿ ಬಳಸಬಾರದು ಎಂದು ವರದಿ ಕೊಟ್ಟಿತು. ಮುಕುಂದನ್ ಒಂದು ಕಾಲಕ್ಕೆ ದುಡಿದ ಸಂಸ್ಥೆಯ ಮುಖ್ಯಸ್ಥರೇ ಅವರ ಪದ್ಧತಿಗೆ ಸಾಕ್ಷಿ ಹೇಳಲು ಒಪ್ಪಲಿಲ್ಲ. 2010ರ ಮೇ 5ರಂದು ‘ಸೆಲ್ವಿ ಮತ್ತು ಇತರರು ವರ್ಸಸ್ ಕರ್ನಾಟಕ ರಾಜ್ಯ’ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು: ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಯಾವುದನ್ನೂ ಒಪ್ಪಿಗೆಯಿಲ್ಲದೆ ಯಾರ ಮೇಲೂ ಮಾಡುವಂತಿಲ್ಲ, ತನ್ನ ವಿರುದ್ಧ ತಾನೇ ಸಾಕ್ಷಿ ಹೇಳದಿರುವ ಹಕ್ಕು ಸಂವಿಧಾನದ 20(3)ನೇ ವಿಧಿಯಲ್ಲಿದೆ. ಆರೋಪಿ ಬಾಯಿ ಬಿಡದಿದ್ದರೂ ಅವನ ಮಿದುಳಿನಿಂದ ಮಾಹಿತಿ ಎಳೆಯುವುದು ಬಾಯಿಬಿಡಿಸಿದ್ದಕ್ಕೆ ಸಮ ಎಂದು ಪೀಠ ಎಣಿಸಿತು. ಪಿ300 ಎಂಬ ಅಲೆ ಸುಳ್ಳಲ್ಲ. ಆದರೆ ಅದು ‘ಇದು ನನ್ನ ಗಮನ ಸೆಳೆಯಿತು’ ಎನ್ನುತ್ತದೆಯೇ ಹೊರತು ‘ನಾನೇ ಮಾಡಿದೆ’ ಎನ್ನುವುದಿಲ್ಲ. ಗಾಲ್ಟನ್ ಫಲಕದ ಮೇಲೆ ಮೂಡಿದ ಆ ಸಭ್ಯಸ್ಥನ ಮುಖ ಇಲ್ಲಿ ನೆನಪಾಗದೆ ಇರದು.

ಹೊತ್ತು ಅಳೆಯುವ ಪರೀಕ್ಷೆಗಳಿಗೆ ಮರಳೋಣ. ಈ ಬಳಗದಲ್ಲಿ ಅತಿ ಹೆಚ್ಚು ಉಪಕಾರಿ ಯಾವುದೆಂದು ಕೇಳಿದರೆ ಬೆರಾ ಎನ್ನಬೇಕು. 1970ರಲ್ಲಿ ಡಾನ್ ಜೂವೆಟ್ ಮತ್ತು ಸಂಗಡಿಗರು ಕಿವಿಗೆ ಟಿಕ್ ಎಂದ ಮೊದಲ 10 ಮಿಲಿಸೆಕೆಂಡಿನೊಳಗೆ ನೆತ್ತಿಯ ಮೇಲೆ ಸಾಲಾಗಿ ಏಳುವ ಪುಟಾಣಿ ಅಲೆಗಳನ್ನು ತೋರಿಸಿದರು. ಅವು ಹುಟ್ಟುವುದು ಕಿವಿಯ ನರದಲ್ಲಿ ಮತ್ತು ಮಿದುಳಿನ ಕಾಂಡದಲ್ಲಿ, ನೆತ್ತಿಯಿಂದ ಬಹು ಆಳದಲ್ಲಿ. ಅಷ್ಟು ಕೆಳಗಿನ ಸದ್ದು ಮೇಲಿನವರೆಗೆ ಬರುತ್ತದೆಯೇ ಎಂಬ ಅನುಮಾನ ಸಹಜವಾಗಿತ್ತು. ಯಾವ ಅಲೆ ಎಲ್ಲಿಯದು ಎಂದು ಆಣೆ ಮಾಡಿ ಹೇಳಲು ಹೋಗದೆ ಅವರು ಬರೀ ರೋಮನ್ ಅಂಕಿ ಕೊಟ್ಟು ಒಂದರಿಂದ ಏಳರವರೆಗೆ ಎಣಿಸಿದರು. ಆ ಎಣಿಕೆ ಇಂದಿಗೂ ಬದಲಾಗಿಲ್ಲ. 1974ರಲ್ಲಿ ಹೀಕಾಕ್ಸ್ ಮತ್ತು ಗಲಾಂಬೋಸ್ ಇದನ್ನು ಎಳೆಗೂಸುಗಳಿಗೆ ಹಚ್ಚಿದರು.

ಅದಕ್ಕೆ ಮೊದಲು ಕೂಸಿಗೆ ಕಿವಿ ಕೇಳುತ್ತದೋ ಇಲ್ಲವೋ ತಿಳಿಯಲು ಎಲ್ಲ ನಾಡಿನಲ್ಲೂ ಇದ್ದದ್ದು ಗಂಟೆ, ಚಪ್ಪಾಳೆ, ತಟ್ಟೆ. ಬೆನ್ನ ಹಿಂದೆ ಸ್ಟೀಲ್ ತಟ್ಟೆ ಬೀಳಿಸಿದರೆ ಮಗು ತಿರುಗಿತು, ಇನ್ನೇನು ಬೇಕು? ನೆಲದ ಅದುರಿಗೆ ತಿರುಗಿತೋ ಸದ್ದಿಗೆ ತಿರುಗಿತೋ ಯಾರು ಬಲ್ಲರು. ಎರಡು ವರ್ಷ ತುಂಬಿದರೂ ಮಾತು ಬಾರದಿದ್ದರೆ ‘ಅವರಪ್ಪನೂ ತಡವಾಗಿಯೇ ಮಾತು ಕಲಿತಿದ್ದು’ ಎಂದು ಅಜ್ಜಿಯ ಸಮಾಧಾನ. ಕಿವಿ ಕೇಳದ ಮಗುವಿಗೆ ಹೀಗೆ ಕಳೆದುಹೋಗುವ ತಿಂಗಳುಗಳೇ ಮಾತು ಕಲಿಯುವ ತಿಂಗಳುಗಳು.

1960ರ ದಶಕದಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಊರವರ ಬಾಯಲ್ಲಿ ‘ಆಯಿಷ್’, ಈ ಕೆಲಸದಲ್ಲಿ ದೇಶಕ್ಕೇ ಹೆಸರಾದದ್ದು. ಅಲ್ಲಾಗಲಿ, ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಾಗಲಿ ಬೆರಾಕ್ಕೆ ಬರುವ ತಾಯಂದಿರಿಗೆ ಹೇಳುವ ಮಾತು ಒಂದೇ: ರಾತ್ರಿ ಮಗುವನ್ನು ಆದಷ್ಟು ಎಚ್ಚರವಾಗಿಡಿ, ಇಲ್ಲಿಗೆ ಬಂದ ಮೇಲೆ ಹಾಲು ಕುಡಿಸಿ ಮಲಗಿಸಿ. ಮಗು ಕೈಕಾಲು ಆಡಿಸಿದರೆ ಸ್ನಾಯುಗಳ ವಿದ್ಯುತ್ತಿನಲ್ಲಿ ಎಲ್ಲವೂ ಕೊಚ್ಚಿಹೋಗುತ್ತದೆ. ಹೊರಗೆ ಕಾರಿಡಾರಿನಲ್ಲಿ ತಂದೆಯೊಬ್ಬ ಹೆಗಲ ಮೇಲೆ ಮಗು ಹಾಕಿಕೊಂಡು ಬೆನ್ನು ತಟ್ಟುತ್ತ ಓಡಾಡುವುದನ್ನು ಕಂಡರೆ, ಒಳಗೆ ಯಾವ ಪರೀಕ್ಷೆ ನಡೆಯುತ್ತದೆಂದು ಕೇಳಬೇಕಾಗಿಲ್ಲ.

ನಿದ್ದೆ ಹತ್ತಿದ ಮೇಲೆ ಹಣೆಗೊಂದು, ಎರಡೂ ಕಿವಿಗಳ ಹಿಂದೆ ಒಂದೊಂದು ಬಿಲ್ಲೆ. ಕಿವಿಗೆ ಸಣ್ಣ ಫೋನು. ಟಿಕ್ ಟಿಕ್ ಟಿಕ್, ಸೆಕೆಂಡಿಗೆ 11.1 ಸಲ. ಹನ್ನೊಂದು ಸಾಲದೇ, ಈ ಮೇಲಿನ ದಶಮಾಂಶ ಏತಕ್ಕೆ ಎಂದು ಕೇಳಿದರೆ ಉತ್ತರ ಗೋಡೆಯ ಪ್ಲಗ್ಗಿನಲ್ಲಿದೆ. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಸಲ ಆಚೀಚೆ ತೂಗುತ್ತದೆ. ಟಿಕ್ ಎನ್ನುವುದು ಸರಿಯಾಗಿ ಹತ್ತೋ ಇಪ್ಪತ್ತೈದೋ ಆದರೆ ಕರೆಂಟಿನ ಗುಂಯ್‌ಗುಟ್ಟುವಿಕೆಯೂ ಪ್ರತಿ ಸಲ ಅದೇ ಬಿಂದಿಗೆಗೆ ಬಿದ್ದು ಉತ್ತರದ ಹಾಗೇ ಬೆಳೆಯುತ್ತದೆ. ಲೆಕ್ಕಕ್ಕೆ ಸಿಗದ ಸಂಖ್ಯೆ ಇಟ್ಟರೆ ಅದು ತಾನಾಗಿ ಅಳಿಸಿಹೋಗುತ್ತದೆ.

ಸಾವಿರ ಟಿಕ್, ಎರಡು ಸಾವಿರ ಟಿಕ್. ಪರದೆಯ ಮೇಲೆ ನಡುಗುತ್ತಿದ್ದ ಗೆರೆ ನಿಧಾನವಾಗಿ ಸಮಾಧಾನಕ್ಕೆ ಬರುತ್ತದೆ, ಅದರಲ್ಲೊಂದು ಗುಬ್ಬ ಉಳಿಯುತ್ತದೆ. ಐದನೇ ಅಲೆ. ಆಡಿಯಾಲಜಿಸ್ಟ್ ಅದರ ನೆತ್ತಿಯ ಮೇಲೆ ಕರ್ಸರ್ ಇಟ್ಟು ಗುರುತು ಹಾಕಿ ಸದ್ದು ಇಳಿಸುತ್ತಾರೆ. 70 ಡೆಸಿಬೆಲ್, 50, ಆಮೇಲೆ 30. ಸದ್ದು ಇಳಿದಷ್ಟೂ ಗುಬ್ಬ ಚಿಕ್ಕದಾಗುತ್ತ, ತಡವಾಗುತ್ತ ಬಲಕ್ಕೆ ಸರಿಯುತ್ತದೆ. ಮೂವತ್ತರಲ್ಲೂ ಕಂಡರೆ ಅದೇ ಗೆರೆಯನ್ನು ಇನ್ನೊಮ್ಮೆ ತೆಗೆದು, ಎರಡನ್ನೂ ಒಂದರ ಮೇಲೊಂದಿಟ್ಟು ನೋಡುತ್ತಾರೆ, ಡಾಸನ್ ಫಿಲ್ಮಿನ ಮೇಲೆ ನೋಡಿದ ಹಾಗೆ. ಆಮೇಲೆ ಇನ್ನೊಂದು ಕಿವಿ.

ಎಲ್ಲ ಮುಗಿದು ಬಿಲ್ಲೆ ಕಿತ್ತು, ಒದ್ದೆ ಹತ್ತಿಯಿಂದ ಪೇಸ್ಟು ಒರೆಸುವಾಗ ಮಗು ಎಚ್ಚರವಾಗಿ ಕೋಣೆ ಹಾರಿಹೋಗುವಂತೆ ಅಳುತ್ತದೆ. ಅದನ್ನು ಎತ್ತಿ ಹೆಗಲಿಗೆ ಹಾಕಿಕೊಳ್ಳುತ್ತ ತಾಯಂದಿರು ಕೇಳುವ ಪ್ರಶ್ನೆ ವರದಿಯ ಬಗ್ಗೆಯೇ ಆಗಿರುತ್ತದೆ, ನಿಜ. ಅದರ ಬೆನ್ನಿಗೇ ಇನ್ನೊಂದು ಇರುತ್ತದೆ.

“ಮೇಡಂ, ಮನೆಗೆ ಹೋಗಿ ತಲೆಗೆ ಎಣ್ಣೆ ಹಚ್ಚಬಹುದಲ್ಲ?”